ಸಾವಕಾಶ ಉಣ್ಣು

ಡಾಕ್ಟರು ಚೀಟಿಯಲ್ಲಿ ಎರಡು ಗುಳಿಗೆ ಬರೆದರು. ಬರಿ ಹೊಟ್ಟೆಯಲ್ಲಿ ಒಂದು, ರಾತ್ರಿ ಮಲಗುವ ಮುಂದೆ ಒಂದು. ಪೆನ್ನಿನ ಮುಚ್ಚಳ ಹಾಕಿದವರು ಮತ್ತೆ ತೆಗೆದು, ಕೆಳಗೆ ಕನ್ನಡದಲ್ಲೇ ಇನ್ನೊಂದು ಸಾಲು ಸೇರಿಸಿದರು. ‘ಸಾವಕಾಶ ಊಟ ಮಾಡುವುದು.’ ಡಾಕ್ಟರ ಕೈಬರಹದಲ್ಲಿ ನನಗೆ ಓದಲು ಬಂದ ಮೊದಲ ಸಾಲು ಅದೇ.

ಆರು ತಿಂಗಳಿಂದ ಎದೆ ಉರಿ, ಹುಳಿ ತೇಗು. ಖಾರ ಬಿಟ್ಟೆ, ಚಾ ಕಡಿಮೆ ಮಾಡಿದೆ. ಏನೂ ಆಗಲಿಲ್ಲ. ಕೊನೆಗೆ ಹೋದೆ. ಏನು ಉಣ್ಣುತ್ತೀರಿ, ಖಾರ ಎಷ್ಟು, ಮಸಾಲೆ ಎಷ್ಟು, ಎಲ್ಲ ಕೇಳಿದರು. ಅದಕ್ಕೆಲ್ಲ ನನ್ನ ಹತ್ತಿರ ಉತ್ತರ ತಯಾರಿತ್ತು. ಆಮೇಲೆ ಕೇಳಿದರು: “ಊಟಕ್ಕ ಎಷ್ಟು ಹೊತ್ತು ತಗೋತೀರಿ ಮೇಡಂ?”

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. “ಒಂದ್ ಹದಿನೈದು ನಿಮಿಷ ಆಗ್ತದ್ರಿ” ಅಂದೆ.

ಸುಳ್ಳು. ಆ ರಾತ್ರಿ ಗೋಡೆಯ ಗಡಿಯಾರ ನೋಡಿಕೊಂಡು ಉಂಡೆ. ಎರಡು ರೊಟ್ಟಿ, ಪುಂಡಿ ಪಲ್ಯ, ಒಂದು ಹಿಡಿ ಅನ್ನ, ಬ್ಯಾಳಿ, ಮೇಲೆ ಅರ್ಧ ಲೋಟ ಮಜ್ಜಿಗೆ. ಒಟ್ಟು ಆರು ನಿಮಿಷ. ಅದೂ ಅಡಿಗೆಕಟ್ಟೆಗೆ ಸೊಂಟ ಆನಿಸಿ ನಿಂತುಕೊಂಡು. ಮಜ್ಜಿಗೆ ಕುಡಿಯುವಾಗ ಇನ್ನೊಂದು ಕೈ ಒಲೆ ಒರೆಸುತ್ತಿತ್ತು.

ಹೊಟ್ಟೆ ತುಂಬಿತು ಅನ್ನುವ ಸುದ್ದಿ ಹೊಟ್ಟೆಯಿಂದ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಬೇಕಂತೆ. ಡಾಕ್ಟರು ಹೇಳಿದ್ದು. ನನ್ನ ಲೆಕ್ಕದಲ್ಲಿ, ಬೆಳಗಿನ ಹೊತ್ತು ಆ ಸುದ್ದಿ ತಲೆ ಮುಟ್ಟುವಾಗ ನಾನು ಸ್ಕೂಟಿಯ ಮೇಲೆ ಜಗತ್ ಸರ್ಕಲ್ ದಾಟಿರುತ್ತೇನೆ. ಬಾಗಿಲಿಗೆ ಬಂದ ಟಪಾಲಿನವನು ಮನೆಗೆ ಬೀಗ ನೋಡಿ ವಾಪಸ್ ಹೋದ ಹಾಗೆ.

ಮನೆಗೆ ಬಂದು ಚೀಟಿ ಟೇಬಲ್ಲಿನ ಮೇಲಿಟ್ಟೆ. ಅತ್ತೆಯವರು ಕನ್ನಡಕ ಏರಿಸಿ ಓದಿದರು. ಇಂಗ್ಲಿಷಿನ ಎರಡು ಸಾಲು ಬಿಟ್ಟು ಕೊನೆಯದನ್ನು ಎರಡು ಸಲ ಓದಿದರು.

“ಐನೂರು ರೂಪಾಯಿ ತಗೊಂಡು ಇದನ್ನ ಹೇಳಿ ಕಳಿಸ್ಯಾನ?”

“ಹೂಂ ಅತ್ತಿ.”

“ನಾ ಹದಿನೆಂಟು ವರ್ಷ ಪುಕ್ಕಟೆ ಹೇಳೀನಿ. ಪುಕ್ಕಟೆ ಮಾತಿಗಿ ಕಿಮ್ಮತ್ತಿಲ್ಲ, ಬಿಡು.”

ಸಾವಕಾಶ. ನಮ್ಮ ಕಲಬುರಗಿಯಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು. ಬಸ್ಸಿನಿಂದ ಇಳಿಯುವ ಮುದುಕಿಗೆ ಕಂಡಕ್ಟರ್ ಹೇಳುತ್ತಾನೆ, ಸಾವಕಾಶ ಇಳೀರಿ. ಸಾಲದ ಕಂತು ತಪ್ಪಿದವನಿಗೆ ಅಂಗಡಿಯವನು ಹೇಳುತ್ತಾನೆ, ಇರಲಿ, ಸಾವಕಾಶ ಕೊಡ್ರಿ. ಬೆಂಗಳೂರಿನ ಕಡೆಯವರು ನಿಧಾನ ಅನ್ನುವಲ್ಲಿ ನಾವು ಸಾವಕಾಶ ಅನ್ನುತ್ತೇವೆ. ಎರಡೂ ಒಂದೇ ಅಂದುಕೊಂಡಿದ್ದೆ. ಚೀಟಿಯ ಮೇಲೆ ನೋಡಿದಾಗ ಆ ಪದ ಒಡೆದು ಕಂಡಿತು. ಅದರಲ್ಲಿ ಅವಕಾಶ ಇದೆ. ಅವಕಾಶ ಅಂದರೆ ಜಾಗ, ಎಡೆ. ಸಾವಕಾಶ ಉಣ್ಣು ಅಂದರೆ ಮೆಲ್ಲಗೆ ಉಣ್ಣು ಅಂತಷ್ಟೇ ಅಲ್ಲ, ಜಾಗ ಇಟ್ಟುಕೊಂಡು ಉಣ್ಣು. ಹಾಗಾದರೆ ಆ ಜಾಗ ಎಲ್ಲಿಂದ ಬರಬೇಕು? ಚೀಟಿಯಲ್ಲಿ ಅದನ್ನು ಬರೆದಿರಲಿಲ್ಲ.

ನಮ್ಮೂರಿನ ಮಾತೇ ಒಂದು ತಮಾಷೆ. 1347ರಲ್ಲಿ ಬಹಮನಿ ಸುಲ್ತಾನರು ಇಲ್ಲಿ ರಾಜಧಾನಿ ಮಾಡಿಕೊಂಡರು. ಆಮೇಲೆ ಯಾರ್ಯಾರೋ ಬಂದರು, ಕೊನೆಗೆ 1948ರವರೆಗೆ ನಿಜಾಮರು. ಅಷ್ಟು ಶತಮಾನಗಳ ಫಾರಸಿ, ಉರ್ದು ನಮ್ಮ ಕನ್ನಡದೊಳಗೆ ಕೂತುಬಿಟ್ಟಿದೆ. ದಾರಿಯಲ್ಲಿ ಸಿಕ್ಕವರನ್ನು ‘ಆರಾಮ?’ ಅಂತ ಕೇಳುತ್ತೇವೆ. ಆ ‘ಆರಾಮ’ ಅಲ್ಲಿಂದ ಬಂದದ್ದು. ಪುರಸೊತ್ತು ಕೂಡ ಅಲ್ಲಿಂದಲೇ. ಆದರೆ ‘ಜಲ್ದಿ’ಯೂ ಅದೇ ಗಂಟಿನಲ್ಲಿ ಬಂತಲ್ಲ! ನಮ್ಮ ಮನೆಯಲ್ಲಿ ಗಂಡಸರ ಪಾಲಿಗೆ ಆರಾಮ ಮತ್ತು ಪುರಸೊತ್ತು ಬಂದವು. ನನ್ನ ಪಾಲಿಗೆ ಜಲ್ದಿ ಬಂತು. ಇದು ಸ್ವಲ್ಪ ಉತ್ಪ್ರೇಕ್ಷೆ ಅಂತ ನಮ್ಮವರು ಹೇಳುತ್ತಾರೆ. ಸೋಫಾದ ಮೇಲೆ ಕೂತು ಹೇಳುತ್ತಾರೆ.

ಚೀಟಿಯ ಸುದ್ದಿ ಆಫೀಸಿನಲ್ಲಿ ಹಬ್ಬಿತು. ನಾನು ಸರಕಾರಿ ಕಚೇರಿಯೊಂದರಲ್ಲಿ ಎಫ್‌ಡಿಎ. ನಮ್ಮಲ್ಲಿ ಫೈಲು ಸಾವಕಾಶ ಹೋಗುತ್ತದೆ, ಸುದ್ದಿ ಹಾಗಲ್ಲ. ಮಧ್ಯಾಹ್ನದೊಳಗೆ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದಳು. ಒಂದೇ ಒಂದು ಒಣದ್ರಾಕ್ಷಿಯನ್ನು ಐದು ನಿಮಿಷ ತಿನ್ನುವುದು ಹೇಗೆ ಅಂತ.

ಇದು ಸುಮ್ನೆ ಯಾರೋ ಮಾಡಿದ ಚೇಷ್ಟೆ ಅಲ್ಲ. ಜಾನ್ ಕಬಾಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒಂದು ತರಬೇತಿ ಶುರು ಮಾಡಿದರು. ನೋವು, ಒತ್ತಡ ಇದ್ದವರಿಗೆ ಎಂಟು ವಾರದ ಪಾಠ. ಈಗ ಎಲ್ಲರ ಬಾಯಲ್ಲಿರುವ ಮೈಂಡ್‌ಫುಲ್‌ನೆಸ್ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ. ಆ ಪಾಠದಲ್ಲಿ ಮೊದಮೊದಲು ಮಾಡಿಸುವುದು ಈ ದ್ರಾಕ್ಷಿಯ ಆಟ. ಅಂಗೈಯಲ್ಲಿ ಇಟ್ಟುಕೊಂಡು ನೋಡಬೇಕು. ಸುಕ್ಕು ನೋಡಬೇಕು. ಮೂಸಬೇಕು. ನಾಲಗೆಯ ಮೇಲೆ ಇಟ್ಟುಕೊಂಡು ಕಚ್ಚದೆ ಇರಬೇಕು. ಆಮೇಲೆ ಒಂದು ಸಲ ಕಚ್ಚಬೇಕು. ಇದರ ಬೇರು ಬುದ್ಧನ ಪಾಠದಲ್ಲಿದೆ ಅಂತ ಅವರೇ ಒಪ್ಪುತ್ತಾರೆ. ನಮ್ಮ ಜಿಲ್ಲೆಯಲ್ಲೇ ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಇದೆ. ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲಿ. ಶಾಲೆಯ ಟ್ರಿಪ್ಪಿನಲ್ಲಿ ನನ್ನ ಮಗ ಅಲ್ಲಿಗೆ ಹೋಗಿ ಬಂದ. ಏನು ನೋಡಿದೆ ಅಂದರೆ, ಬಸ್ಸಿನಲ್ಲಿ ವಾಂತಿ ಮಾಡಿದವರ ಹೆಸರು ಹೇಳಿದ.

ನನ್ನ ಹತ್ತಿರ ಒಣದ್ರಾಕ್ಷಿ ಇರಲಿಲ್ಲ. ಡಬ್ಬಿಯಲ್ಲಿ ಹುರಿದ ಶೇಂಗಾ ಇತ್ತು. ಟೇಬಲ್ಲಿನ ಹಿಂದೆ ಕೂತು ಒಂದು ಕಾಳು ಅಂಗೈಯಲ್ಲಿಟ್ಟು ನೋಡಿದೆ. ಕೆಂಪು ಸಿಪ್ಪೆ, ಒಂದು ಕಡೆ ಸುಟ್ಟ ಕಲೆ, ತುದಿಯಲ್ಲಿ ಚೂಪು ಮೂಗು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ನಲವತ್ತನಾಲ್ಕು ವರ್ಷ ಶೇಂಗಾ ತಿಂದವಳು ಒಂದು ಶೇಂಗಾವನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ನಿಂತು, “ಏನ್ ಮೇಡಂ, ಕೈ ನೋಡ್ಕೊಳ್ಳಾಕತ್ತೀರಿ? ಪ್ರಮೋಷನ್ ಯಾವಾಗಂತ?” ಅಂದರು. ನುಂಗಿಬಿಟ್ಟೆ.

ಒಂದು ವಾರ ಹಟ ಹಿಡಿದು ಪ್ರಯತ್ನ ಮಾಡಿದೆ. ಫೋನ್ ಇನ್ನೊಂದು ಕೋಣೆಯಲ್ಲಿ. ತಾಟು ಹಾಕಿಕೊಂಡು, ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತೆ. ಒಂದು ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕು ಅಂತ ಯಾರೋ ಹೇಳಿದ್ದು ನೆನಪಿತ್ತು. ಎಣಿಸಿದೆ. “ಮಮ್ಮಿ, ಬಾಯಾಗ ಏನ್ ಎಣಿಸ್ಲಾಕತ್ತೀ?” ಅಂದ ಮಗ. ಹತ್ತೊಂಬತ್ತಕ್ಕೆ ಲೆಕ್ಕ ತಪ್ಪಿತು.

ಆದರೆ ಒಂದು ಸಂಗತಿ ಆಯಿತು. ಬರಿ ರೊಟ್ಟಿ ತುಂಡನ್ನು, ಪಲ್ಯ ಇಲ್ಲದೆ, ಸುಮ್ನೆ ಅಗಿಯುತ್ತಾ ಕೂತಿದ್ದೆ. ಕೊನೆಕೊನೆಗೆ ಬಾಯೆಲ್ಲ ಸಿಹಿ. ಸಕ್ಕರೆಯ ಹಾಗೆ ಕೂಗಿ ಹೇಳುವ ಸಿಹಿ ಅಲ್ಲ. ಹಸಿ ತೆನೆ ಹಿಸುಕಿದಾಗ ಬರುವ ಹಾಲಿನಂಥ ಸಿಹಿ. ಜೋಳದ ರೊಟ್ಟಿ ಸಿಹಿ ಇರುತ್ತದೆ! ನಮ್ಮವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಸೋಫಾದಿಂದಲೇ ವಿವರಿಸಿದರು. ಜೊಲ್ಲಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಇದೆ, ಅದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ, ಅದಕ್ಕೆ ಹೊತ್ತು ಬೇಕು. ಒಂಬತ್ತನೆಯ ಕ್ಲಾಸಿಗೆ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದಾರಂತೆ. “ನೀವ್ ಎಂದಾದ್ರೂ ಸಿಹಿ ಆಗೋತನಕ ಅಗದೀರೇನು?” ಅಂದೆ. ಇಲ್ಲವಂತೆ. ಪಾಠ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ.

ಪುಂಡಿ ಪಲ್ಯವೂ ಹಾಗೇ. ಮೊದಲು ಹುಳಿ ಬಂದು ಕಿವಿಯ ಕೆಳಗೆ ಜುಮ್ಮೆನ್ನಿಸುತ್ತದೆ. ಅದು ಇಳಿದ ಮೇಲೆ ಬೆಳ್ಳುಳ್ಳಿ. ಅದರ ಹಿಂದೆ, ಸ್ವಲ್ಪ ಕಾದರೆ, ಬ್ಯಾಳಿ. ಆರು ನಿಮಿಷದ ಊಟದಲ್ಲಿ ನನಗೆ ಹುಳಿಯ ತನಕ ಮಾತ್ರ ಪ್ರವೇಶ ಇತ್ತು.

ಇಷ್ಟಾಗಿಯೂ ವಾರ ಮುಗಿಯುವುದರೊಳಗೆ ಮತ್ತೆ ಅಡಿಗೆಕಟ್ಟೆಗೆ ಸೊಂಟ ಆನಿಸಿ ನಿಂತಿದ್ದೆ. ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನೇ ಬೈದುಕೊಂಡೆ. ಆಮೇಲೆ ಯೋಚಿಸಿದರೆ, ಮನಸ್ಸಿನದೇನೂ ತಪ್ಪಿರಲಿಲ್ಲ. ಕೂತರೆ ಏಳಲೇಬೇಕಾಗುತ್ತದೆ. ಕೂತ ಕೂಡಲೇ ಕುಕ್ಕರ್ ಸೀಟಿ ಹೊಡೆಯುತ್ತದೆ. ಚಾರ್ಜರ್ ಕಳೆಯುತ್ತದೆ. ನೀರಿನ ನಳ ಬರುತ್ತದೆ. ನಮ್ಮ ಓಣಿಯಲ್ಲಿ ನಳ ಬರುವುದು ಅಂದರೆ ಮನೆಗೆ ಬೀಗರು ಬಂದ ಹಾಗೆ, ಎದ್ದು ಹೋಗದೆ ಇರಲಾಗದು. ಐದು ಸಲ ಎದ್ದು ಕೂರುವುದಕ್ಕಿಂತ ನಿಂತೇ ಉಣ್ಣುವುದು ಮೊಣಕಾಲಿಗೆ ಒಳ್ಳೆಯದು. ನಾನು ನಿಂತು ಉಣ್ಣುತ್ತಿದ್ದದ್ದು ಅವಸರಕ್ಕಲ್ಲ. ಡ್ಯೂಟಿಯ ಮೇಲೆ ಇದ್ದೆ, ಅಷ್ಟೇ.

ಮತ್ತೆ ರೊಟ್ಟಿಯ ಸ್ವಭಾವವೇ ಹಾಗಿದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ, ಕೈ ಸುಟ್ಟುಕೊಂಡು ನಾದಬೇಕು. ಹಿಟ್ಟು ಗಿರಣಿಯಿಂದ ಬಂದು ಬಹಳ ದಿನ ಆಗಿದ್ದರೆ ಜಿಗಿ ಹೋಗಿರುತ್ತದೆ, ಬಡಿದರೆ ಅಂಚು ಸೀಳುತ್ತದೆ. ನಾದಿದ್ದನ್ನು ಇಟ್ಟು ಆಮೇಲೆ ಬಡಿಯುತ್ತೇನೆ ಅಂದರೆ ಆಗುವುದಿಲ್ಲ. ಉಂಡೆ ಮಾಡಿ, ಒಣಹಿಟ್ಟಿನ ಮೇಲೆ ಇಟ್ಟು, ತಿರುಗಿಸುತ್ತಾ ಪಟಪಟ ಬಡಿದು, ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಬೇಕು. ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಅದು ಆರುವ ಹೊತ್ತಿಗೆ ತಿರುವಿ ಹಾಕಬೇಕು. ಒಂದು ಹಂಚಿನ ಮೇಲಿರುವಾಗ ಇನ್ನೊಂದು ಕೈಯ ಕೆಳಗಿರಬೇಕು. ಇದರಲ್ಲಿ ಸಾವಕಾಶ ಅನ್ನುವುದಕ್ಕೆ ಒಂದು ಬೆರಳಿನಷ್ಟು ಜಾಗ ಇಲ್ಲ. ಮತ್ತು ಉಬ್ಬಿದ ರೊಟ್ಟಿಯನ್ನು ಉಬ್ಬಿದಾಗಲೇ ಉಣ್ಣಬೇಕು. ಹಾಗಾಗಿ ಉಣ್ಣುವವರು ಸಾಲಾಗಿ ಕೂತಿರುತ್ತಾರೆ. ಬಡಿಯುವವಳು ಬಡಿಯುತ್ತಿರುತ್ತಾಳೆ. ಎಲ್ಲರದೂ ಆದ ಮೇಲೆ, ಬುಟ್ಟಿಯ ತಳದಲ್ಲಿ ಮೆತ್ತಗಾದ ಎರಡು ಆಕೆಯ ಪಾಲು.

ಬಿಸಿ ರೊಟ್ಟಿ ನಾನೂ ಉಂಡಿದ್ದೇನೆ. ಖಾನಾವಳಿಯಲ್ಲಿ. ಅಲ್ಲಿಯೂ ಒಳಗೆ ಒಲೆಯ ಮುಂದೆ ಮೂವರು ಹೆಂಗಸರು ಇದ್ದರು. ಅವರು ಯಾವಾಗ ಉಣ್ಣುತ್ತಾರೆ ಅಂತ ಕೇಳಬೇಕು ಅಂದುಕೊಂಡೆ. ಇನ್ನೊಂದು ರೊಟ್ಟಿ ಬಂತು, ಮರೆತೆ.

ಈ ನಡುವೆ ಬೀದರಿಗೆ ನಾದಿನಿಯ ಮನೆಗೆ ಹೋಗಿದ್ದೆವು. ರೈಲಿನಲ್ಲಿ ಹೋದೆವು. ಕಲಬುರಗಿ–ಬೀದರ ನಡುವೆ ಸುಮಾರು 110 ಕಿಲೋಮೀಟರಿನ ಈ ರೈಲು ಪೂರ್ತಿ ಶುರುವಾಗಿದ್ದು 2017ರಲ್ಲಿ. ಅದು ಬರುತ್ತದೆ ಬರುತ್ತದೆ ಅಂತ ಕೇಳುತ್ತಲೇ ನಾನು ಶಾಲೆ, ಕಾಲೇಜು, ಮದುವೆ ಎಲ್ಲ ಮುಗಿಸಿದ್ದೆ. ಎಲ್ಲ ಸಾವಕಾಶವನ್ನೂ ಹೊಗಳಬೇಕಾಗಿಲ್ಲ ಅಂತ ಇಲ್ಲಿ ಹೇಳಿಬಿಡುತ್ತೇನೆ.

ಬೀದರಿನಲ್ಲಿ ಬಿದ್ರಿ ಕೆಲಸದ ಒಂದು ಸಣ್ಣ ಅಂಗಡಿ ನೋಡಿದೆವು. ಹಿಂದುಗಡೆಯೇ ಕಾರ್ಖಾನೆ. ಸತು, ಅದರೊಳಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂದಾನಿ. ಅದರ ಮೇಲೆ ಒಬ್ಬರು ಹಿರಿಯರು ಚಾಣದಿಂದ ಬಳ್ಳಿ ಕೊರೆಯುತ್ತಿದ್ದರು. ಕೂದಲಿನಷ್ಟು ಗೆರೆ. ಇನ್ನೊಬ್ಬರು ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಮೆಲ್ಲಗೆ ಬಡಿಯುತ್ತಿದ್ದರು. ಎಲ್ಲ ಆದ ಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಹೂದಾನಿಗೆ ಉಜ್ಜುತ್ತಾರೆ. ಆಗ ಲೋಹ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಆಗ ನನ್ನ ತಲೆ ತುಂಬ ಆ ವಿಡಿಯೋ. ಇವರನ್ನು ನೋಡಿ ಮನಸ್ಸು ತುಂಬಿ ಬಂತು. “ಎಷ್ಟು ಸಾವಕಾಶ ಮಾಡ್ತೀರಿ ಚಾಚಾ, ನೋಡಿದ್ರ ಮನಸ್ಸಿಗಿ ಶಾಂತಿ ಆಗ್ತದ” ಅಂದೆ.

ಅವರು ಚಾಣ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದರು. “ಸಾವಕಾಶ ಎಲ್ಲದವ್ವಾ? ನಗದ ಮ್ಯಾಲ ಪಗಾರ. ಇವತ್ತ ಸಂಜಿಯೊಳಗ ಇದು ಮುಗೀಬೇಕು. ನಾ ಓಡ್ಲಾಕತ್ತೀನಿ.”

ನಗ ಅಂದರೆ ಒಂದು ವಸ್ತು. ಒಂದಕ್ಕೆ ಇಷ್ಟು ಅಂತ ಕೂಲಿ. ನಾನು ಶಾಂತಿ ಅಂದುಕೊಂಡದ್ದು ಅವರ ಓಟ. ಅವರ ಕೈ ಅದಕ್ಕಿಂತ ವೇಗವಾಗಿ ಓಡಿದರೆ ಗೆರೆ ತಪ್ಪುತ್ತದೆ, ಅಷ್ಟೇ. ವಾಪಸ್ ಬರುವಾಗ ರೈಲಿನ ಕಿಟಕಿಯಿಂದ ಹುಮನಾಬಾದ ಕಡೆಯ ಕೆಂಪು ನೆಲ ನೋಡುತ್ತಾ, ನಾನು ರೊಟ್ಟಿ ಬಡಿಯುವುದನ್ನು ಯಾರಾದರೂ ಬಾಗಿಲಲ್ಲಿ ನಿಂತು ನೋಡಿ, ಆಹಾ ಎಂಥ ತಾಳ, ಎಂಥ ಶಾಂತಿ ಅಂದರೆ ಹೇಗೆ ಅಂತ ಯೋಚಿಸಿದೆ. ಕೈಯಲ್ಲಿದ್ದ ಉಂಡೆಯಿಂದ ಹೊಡೆದುಬಿಡುತ್ತಿದ್ದೆನೇನೋ.

ನಮ್ಮ ಕಡೆ ವರ್ಷಕ್ಕೆ ಒಂದು ದಿನ ಎಲ್ಲರೂ ಸಾವಕಾಶ ಉಣ್ಣುತ್ತಾರೆ. ಎಳ್ಳಮಾವಾಸ್ಯೆ. ಹಿಂಗಾರಿನ ಬಿಳಿಜೋಳ ಎದೆ ಮಟ್ಟಕ್ಕೆ ಬಂದಿರುತ್ತದೆ. ಹೊಲ ಇದ್ದವರು ಹೊಲ ಇಲ್ಲದವರನ್ನೂ ಕರೆದುಕೊಂಡು ಹೋಗುತ್ತಾರೆ. ಮೊದಲು ಚರಗ ಚೆಲ್ಲಬೇಕು, ಭೂಮಿತಾಯಿಗೆ ಉಣ್ಣಿಸಿ ಆಮೇಲೆ ನಾವು. ಸಜ್ಜೆಯ ಕಡುಬು, ಹತ್ತಾರು ತರಕಾರಿ ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಬೇವಿನ ಮರದ ಕೆಳಗೆ ವರ್ತುಲದಲ್ಲಿ ಕೂತು ಎರಡು ತಾಸು ಉಣ್ಣುತ್ತೇವೆ. ಹೆಂಗಸರೂ ಕೂತೇ ಉಣ್ಣುತ್ತಾರೆ. ಯಾಕಂದರೆ ಹೊಲದಲ್ಲಿ ಒಲೆ ಇಲ್ಲ. ಎಲ್ಲ ತಣ್ಣಗೆ, ಎಲ್ಲ ಮೊದಲೇ ಮಾಡಿ ಕಟ್ಟಿಕೊಂಡು ಬಂದದ್ದು. ಆ ಎರಡು ತಾಸು ಹುಟ್ಟುವುದಕ್ಕೆ ಹಿಂದಿನ ರಾತ್ರಿ ನಿದ್ದೆ ಇರುವುದಿಲ್ಲ ಅನ್ನುವುದು ಬೇರೆ ಮಾತು. ಆದರೂ ಬಿಸಿಲಲ್ಲಿ ಕೂತು, ಕಾಲು ಚಾಚಿ, ಭಜ್ಜಿಯಲ್ಲಿ ಏನೇನು ಬಿದ್ದಿದೆ ಅಂತ ಒಂದೊಂದೇ ಹುಡುಕಿ ಉಣ್ಣುವ ಸುಖ ದೊಡ್ಡದು.

ಒಂದು ಸಂಜೆ ಅತ್ತೆಯವರು ಊಟ ಮಾಡುವುದನ್ನು ನೋಡುತ್ತಾ ಕೂತೆ. ಎಪ್ಪತ್ತಾರು ವರ್ಷ. ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ, ಸಣ್ಣ ಸಣ್ಣ ತುತ್ತು. ನಡುವೆ ಒಂದು ಮಾತು. ಆಮೇಲೆ ಮಜ್ಜಿಗೆಯ ಗುಟುಕು. ಮುಕ್ಕಾಲು ತಾಸು. ಕಬಾಟ್-ಜಿನ್ ನೋಡಿದ್ದರೆ ಪಾಠಕ್ಕೆ ಕರೆಸುತ್ತಿದ್ದರು.

“ನಿಮ್ಮಂಗ ಸಾವಕಾಶ ಉಣ್ಲಾಕ ನನಗ ಬರಂಗಿಲ್ಲ ನೋಡ್ರಿ ಅತ್ತಿ.”

“ನಾ ಏನ್ ಹುಟ್ತಾನೇ ಸಾವಕಾಶ ಇದ್ನೇನು?” ಅಂದರು. “ಹದಿನಾಲ್ಕು ಮಂದಿ ಮನ್ಯಾಗ. ದಿನಕ್ಕ ಐವತ್ತು ರೊಟ್ಟಿ. ಎಲ್ಲಾರ್ದೂ ಆದ ಮ್ಯಾಲ ಕಂದೀಲು ಸಣ್ಣ ಮಾಡಿ ಒಳಗ ಕೂಡ್ತಿದ್ದೆ. ತಾಟಿನಾಗ ಏನದ ಅಂತ ಕಾಣ್ತಿದ್ದಿಲ್ಲ. ನಿಮ್ಮ ಮಾವ ‘ನೀರ್ ತಾ’ ಅನ್ನೂದ್ರೊಳಗ ಮುಗಿಸ್ಬೇಕು.” ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡರು. “ನನಗ ಸಾವಕಾಶ ಬಂದದ್ದು ಹಲ್ಲು ಹೋದ ಮ್ಯಾಲ. ಮತ್ತ ನೀ ಬಂದ ಮ್ಯಾಲ.”

ಎರಡನೆಯ ಕಾರಣವನ್ನು ಸಣ್ಣ ದನಿಯಲ್ಲಿ ಹೇಳಿದರು. ನಾನು ಕೇಳಿಸಿಕೊಂಡೆ. ಅವರ ಮುಕ್ಕಾಲು ತಾಸಿನಲ್ಲಿ ನನ್ನ ಆರು ನಿಮಿಷವೂ ಇತ್ತು. ಇದು ಜಗಳದ ಮಾತಾಗಬಹುದಿತ್ತು, ಆಗಲಿಲ್ಲ. ಅವರು ಹದಿನೆಂಟು ವರ್ಷದಿಂದ ಸಾವಕಾಶ ಉಣ್ಣು ಅಂತ ಹೇಳುತ್ತಿದ್ದದ್ದು ಉಪದೇಶ ಅಂತ ತಿಳಿದುಕೊಂಡಿದ್ದೆ. ಅದರಲ್ಲಿ ಮರುಕ ಇತ್ತೇನೋ.

ಏಪ್ರಿಲ್ ಬಂತು. ನಮ್ಮ ಭಾಗದಲ್ಲಿ ಬಿಸಿಲಿಗೆ ಸರಕಾರವೂ ತಲೆಬಾಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬೆಂಗಳೂರಿನವರಿಗೆ ಇದು ಹೊಟ್ಟೆಕಿಚ್ಚಿನ ವಿಷಯ. 42 ಡಿಗ್ರಿಯಲ್ಲಿ ಒಂದು ಸಲ ಸ್ಕೂಟಿಯ ಸೀಟಿನ ಮೇಲೆ ಕೂತು ನೋಡಲಿ. ಎರಡು ಗಂಟೆಗೆ ಮನೆ ಮುಟ್ಟುವಾಗ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಅಂಗಡಿಗಳ ಶಟರ್ ಅರ್ಧ ಇಳಿದಿರುತ್ತದೆ. ಊರಿಗೆ ಊರೇ ಕಿಟಕಿ ಮುಚ್ಚಿ ಒಳಗೆ ಮಲಗಿರುತ್ತದೆ. ಇದನ್ನು ಸೋಮಾರಿತನ ಅನ್ನುವವರು ಅನ್ನಲಿ. ಆ ಹೊತ್ತಿನಲ್ಲಿ ಓಡಾಡುವುದೇ ದಡ್ಡತನ ಅಂತ ಈ ಊರಿಗೆ ಬಹಳ ಹಿಂದೆಯೇ ತಿಳಿದಿದೆ.

ನನಗೆ ಮಾತ್ರ ಈ ಎರಡು ತಿಂಗಳು ಇನ್ನೂ ಓಟ. ಎಂಟಕ್ಕೆ ಕಚೇರಿ ಅಂದರೆ ಐದಕ್ಕೇ ಒಲೆ. ಆದರೆ ಶಾಲೆಗೆ ಬೇಸಿಗೆ ರಜೆ. ವಿಜ್ಞಾನದ ಮಾಸ್ತರು ಮನೆಯಲ್ಲಿ.

ಒಂದು ದಿನ ಎರಡು ಗಂಟೆಗೆ ಬಂದೆ. ಒಳಗೆ ಒಂದು ವಿಚಿತ್ರ ಸದ್ದು. ಪಟ್. ಸ್ವಲ್ಪ ಹೊತ್ತು ಏನೂ ಇಲ್ಲ. ಪಟ ಪಟ. ಮತ್ತೆ ಏನೂ ಇಲ್ಲ. ಅಡಿಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅತ್ತೆಯವರು ಕೂತಿದ್ದರು. ಒಳಗೆ ನಮ್ಮವರು. ಬನಿಯನ್ ಮೇಲೆ, ಮೀಸೆಯ ಮೇಲೆ, ಕನ್ನಡಕದ ಮೇಲೆ ಹಿಟ್ಟು. ಮೊದಲನೆಯದು ಹಂಚು ಮುಟ್ಟುವ ಮೊದಲೇ ಮೂರು ತುಂಡಾಗಿತ್ತು. ಎರಡನೆಯದಕ್ಕೆ ಎಸರು ಕಡಿಮೆಯಾಗಿತ್ತು. ಪಿಷ್ಟ ಬಿಸಿನೀರಿನಲ್ಲಿ ಹೇಗೆ ಅಂಟಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಹಿಟ್ಟಿಗೆ ಅದು ಗೊತ್ತಿರಲಿಲ್ಲ.

“ಇದೇನ್ರಿ ಅತ್ತಿ?”

“ಕುಂದ್ರು” ಅಂದರು ಅತ್ತೆಯವರು. “ಕೈ ಕಾಲ್ ತೊಳ್ಕೊಂಡು ಕುಂದ್ರು. ನಾ ಹೇಳಿ ಮಾಡಸ್ಲಾಕತ್ತೀನಿ.”

ಕೈಕಾಲು ತೊಳೆದು, ರಂಜಣಗಿಯಿಂದ ಒಂದು ಚೊಂಬು ತಣ್ಣನೆ ನೀರು ಕುಡಿದೆ. ನಡುಮನೆಯ ಶಹಾಬಾದಿ ಕಲ್ಲಿನ ನೆಲ ಒರೆಸಿದ್ದರು. ಅಂಗಾಲಿಗೆ ತಂಪು. ಕೂತೆ. ತಾಟಿನಲ್ಲಿ ಶೇಂಗಾ ಹಿಂಡಿ, ಅದರ ಮೇಲೆ ಎಣ್ಣೆ, ಪಕ್ಕದಲ್ಲಿ ಒಂದು ಉಳ್ಳಾಗಡ್ಡಿ. ರೊಟ್ಟಿ ಬಂತು. ಒಂದು ಕಡೆ ದಪ್ಪ, ಒಂದು ಕಡೆ ಸುಟ್ಟಿದ್ದು. ಆದರೆ ಉಬ್ಬಿತ್ತು. ಮುರಿದರೆ ಒಳಗಿನಿಂದ ಹಬೆ ಮುಖಕ್ಕೆ ಹೊಡೆಯಿತು. ನಮ್ಮ ಮನೆಯ ಹಂಚಿನ ರೊಟ್ಟಿಯ ಹಬೆ ಕೂತವಳ ಮುಖಕ್ಕೆ ಹೊಡೆದದ್ದು ಅದೇ ಮೊದಲು.

ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಎರಡು ನಿಮಿಷದಲ್ಲಿ ಮುಗಿಸಿದೆ. ಮುಗಿಸಿ ತಲೆ ಎತ್ತಿದರೆ ಎರಡನೆಯದು ಇನ್ನೂ ಉಂಡೆಯಾಗಿಯೇ ಇತ್ತು.

ಏಳಲು ಹೋದೆ. ಅತ್ತೆಯವರು ಕುರ್ಚಿಯಿಂದ ತಿರುಗಿ ನೋಡಿದರು. ಮತ್ತೆ ಕೂತೆ.

ನಮ್ಮವರಿಗೆ ಒಂದು ರೊಟ್ಟಿಗೆ ಎಂಟು ನಿಮಿಷ ಬೇಕು. ನಾನಾದರೆ ಅಷ್ಟರಲ್ಲಿ ಐದಾರು ತೆಗೆಯುತ್ತೇನೆ. ಖಾಲಿ ತಾಟಿನ ಮುಂದೆ ಕೂತು ಮಾಡುವುದಕ್ಕೆ ಏನೂ ಇರಲಿಲ್ಲ. ಫೋನ್ ವ್ಯಾನಿಟಿ ಬ್ಯಾಗಿನಲ್ಲಿತ್ತು, ಬ್ಯಾಗು ಸ್ಕೂಟಿಯಲ್ಲಿತ್ತು. ಕೂಲರ್ ಗುರ್ ಅನ್ನುತ್ತಿತ್ತು. ಹೊರಗೆ ಬೇವಿನ ಮರದಲ್ಲಿ ಒಂದು ಕಾಗೆ ಬಾಯಿ ತೆರೆದುಕೊಂಡು ಸುಮ್ನೆ ಕೂತಿತ್ತು. ರೊಟ್ಟಿ ಬಡಿಯುವ ಸದ್ದು ಗೋಡೆಯ ಈ ಕಡೆಯಿಂದ ಹೀಗೆ ಕೇಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಈ ಮನೆಯವರೆಲ್ಲ ನನ್ನದನ್ನು ಹೀಗೆ ಕೇಳುತ್ತಾ ಕೂತಿದ್ದರು.

“ಅಂಚ್ ಸೀಳ್ಲಾಕತ್ತದ ನೋಡು, ಸಾವಕಾಶ ಬಡಿ” ಅಂದರು ಅತ್ತೆಯವರು.

“ಸಾವಕಾಶನೇ ಬಡೀಲಾಕತ್ತೀನವ್ವಾ.”

“ಅಕಿ ತಾಟ್ ಖಾಲಿ ಆಗ್ಯದ, ಜಲ್ದಿ ಬಡಿ.”

ಪಟ್. ಪಟ ಪಟ. ಆಮೇಲೆ ಏನೋ ಹರಿದ ಸದ್ದು, ಮಾಸ್ತರ ನಿಟ್ಟುಸಿರು. ಮತ್ತೆ ಮೊದಲಿನಿಂದ ಉಂಡೆ. ಮೂರು ರೊಟ್ಟಿಗೆ ಅರ್ಧ ತಾಸಿನ ಮೇಲಾಯಿತು.

“ನಂದೇನ್ ಜಲ್ದಿ ಇಲ್ರಿ” ಅಂದೆ ಕೂತಲ್ಲಿಂದಲೇ. ತಾಟಿನ ಅಂಚಿಗೆ ಸ್ವಲ್ಪ ಶೇಂಗಾ ಹಿಂಡಿ ಉಳಿದಿತ್ತು. ಬೆರಳಿಗೆ ಒತ್ತಿಕೊಂಡು, ಒಂದೊಂದೇ ಚೂರು ನೆಕ್ಕುತ್ತಾ ಕೂತೆ.